ಗಿಲ್ಬರ್ಟನ್ ಚಿತ್ರಕಥೆಗಳೂ ಕನ್ನಡದ ಮೊದಲ ಹತ್ತು ಸಂಚಿಕೆಗಳೂ

ಅಮರ ಚಿತ್ರಕಥೆ ಮಾಲೆಯ ಇಂಗ್ಲಿಷ್ ಪುಸ್ತಿಕೆಗಳಲ್ಲಿ ಕೃಷ್ಣನ ಕಥೆಗೆ ದೊರೆತಿರುವುದು 11ನೆಯ ಸಂಖ್ಯೆ. ಮಾಲೆಯ ಮೊದಲನೆಯ ಪೌರಾಣಿಕ ಕಥೆಯೇ ಹನ್ನೊಂದನೆಯದಾದುದು ಹೇಗೆಂದು ಅರಸುತ್ತ ಹೊರಟರೆ ನ್ಯೂಯಾರ್ಕಿನ ಒಂದು ಸಣ್ಣ ಪ್ರಕಾಶನ ಸಂಸ್ಥೆಯ ಬಾಗಿಲನ್ನು ತಲುಪಬೇಕಾಗುತ್ತದೆ. ಆ ದಾರಿ ಬೆಂಗಳೂರಿನ ಮೂಲಕವೇ ಹಾಯುತ್ತದೆ.

ಆ ಸಂಸ್ಥೆಯ ಹೆಸರು ಗಿಲ್ಬರ್ಟನ್. ಅದರ ಸ್ಥಾಪಕ ಆಲ್ಬರ್ಟ್ ಕ್ಯಾಂಟರ್ 1897ರಲ್ಲಿ ರಷ್ಯನ್ ಸಾಮ್ರಾಜ್ಯದ ಯೆಹೂದಿ ಮನೆತನವೊಂದರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕೆಗೆ ವಲಸೆ ಹೋದವನು. ಶಾಲಾ ವಿದ್ಯಾಭ್ಯಾಸವನ್ನು ಪೂರೈಸದೆ ಊರೂರು ತಿರುಗಿ ಪುಸ್ತಕ ಮಾರಿದ ಈತ, ಸಾಹಸವೀರರ ಚಿತ್ರಕಥೆಗಳಿಗೆ ಮಕ್ಕಳು ಮುಗಿಬೀಳುತ್ತಿದ್ದುದನ್ನು ಕಂಡು, ಅದೇ ರೂಪದಲ್ಲಿ ಅವರಿಗೆ ಡ್ಯೂಮಾ, ಸ್ಕಾಟ್, ಡಿಕನ್ಸರನ್ನು ಪರಿಚಯಿಸಲು ಸಂಕಲ್ಪಿಸಿದನು. 1941ರ ಅಕ್ಟೋಬರಿನಲ್ಲಿ ಡ್ಯೂಮಾನ ‘ತ್ರೀ ಮಸ್ಕೆಟಿಯರ್ಸ್’ ಕಥೆಯೊಡನೆ ‘ಕ್ಲಾಸಿಕ್ ಕಾಮಿಕ್ಸ್’ ಮಾಲೆ ಮೊದಲಾಯಿತು. ಬೆಲೆ 10 ಸೆಂಟು. 1947ರಲ್ಲಿ ಅದು ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಎಂಬ ಹೊಸ ಹೆಸರನ್ನು ತಳೆಯಿತು. ‘ಕಾಮಿಕ್ಸ್’ ಎಂಬ ಶಬ್ದಕ್ಕೆ ಅಂಟಿದ್ದ ಅಗೌರವವನ್ನು ಕಳಚಿಕೊಳ್ಳುವ ಇಚ್ಛೆ ಈ ನಾಮಾಂತರದಲ್ಲಿ ಸ್ಪಷ್ಟವಾಗಿದೆ. 1954ರಲ್ಲಿ ಇತರ ಪ್ರಕಾಶಕರು ಸೇರಿ ನೀತಿಸಂಹಿತೆಯೊಂದನ್ನು ರಚಿಸಿಕೊಂಡಾಗ, ತನ್ನ ಪುಸ್ತಿಕೆಗಳು ಕಾಮಿಕ್ಸ್ ಅಲ್ಲವೆಂದೇ ವಾದಿಸಿ ಗಿಲ್ಬರ್ಟನ್ ಅದರಿಂದ ದೂರ ಉಳಿಯಿತು.

ಈ ವಾದವನ್ನು ಕೇವಲ ವ್ಯಾಪಾರಿಯ ಜಾಣತನವೆನ್ನಲಾಗದು. ಸಾಮಾನ್ಯ ಚಿತ್ರಕಥಾ ಪತ್ರಿಕೆ ತಿಂಗಳು ಕಳೆಯಲು ರದ್ದಿಯ ಪಾಲಾಗುತ್ತಿತ್ತು. ಗಿಲ್ಬರ್ಟನ್ ತನ್ನ ಹಳೆಯ ಸಂಚಿಕೆಗಳನ್ನು ಮತ್ತೆ ಮತ್ತೆ ಮುದ್ರಿಸುತ್ತಿತ್ತು; ಹಿಂಬದಿಯ ಪಟ್ಟಿಯನ್ನು ನೋಡಿ ಬಾಲಕನು ತನಗೆ ಬೇಕಾದುದನ್ನು ತರಿಸಿಕೊಳ್ಳಬಹುದಾಗಿತ್ತು. ಕಥೆಯ ಕೊನೆಯಲ್ಲಿ ಮೂಲ ಕೃತಿಯನ್ನು ಗ್ರಂಥಾಲಯದಲ್ಲಿ ಓದಬೇಕೆಂಬ ಸೂಚನೆಯೂ ಇರುತ್ತಿತ್ತು. ವಿಮರ್ಶಕರು ಈ ಸೂಚನೆಯಿಂದ ತೃಪ್ತರಾಗಲಿಲ್ಲ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಈ ಸಂಕ್ಷೇಪಗಳನ್ನೂ ತನ್ನ ಖಂಡನೆಯಿಂದ ಹೊರತುಪಡಿಸಲಿಲ್ಲ. ದೊಡ್ಡ ಕಾದಂಬರಿಯೊಂದು ಐವತ್ತು ಪುಟಗಳಲ್ಲಿ ಬಡವಾಗುವುದೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಬಯಲಾಟದ ಭೀಮನನ್ನು ನೋಡಿ ಬೆಳೆದು ಮುಂದೆ ಗದುಗಿನ ಭಾರತಕ್ಕೆ ಕೈಯಿಟ್ಟವರ ನಾಡಿನಲ್ಲಿ ಆ ಆಕ್ಷೇಪವನ್ನು ಸಂಪೂರ್ಣವಾಗಿ ಒಪ್ಪುವುದು ಕಷ್ಟ.

1953ರಲ್ಲಿ ಕಿರಿಯರಿಗಾಗಿ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್’ ಎಂಬ ಇನ್ನೊಂದು ಮಾಲೆ 501ನೆಯ ಸಂಖ್ಯೆಯಿಂದ ಹೊರಟಿತು. ಸ್ನೋವೈಟ್, ಸಿಂಡರೆಲ್ಲಾ ಮೊದಲಾದ ಕಿನ್ನರ ಕಥೆಗಳು ಇದರ ವಸ್ತು. ಗಿಲ್ಬರ್ಟನ್ನಿನ ಪುಸ್ತಿಕೆಗಳು ಅನ್ಯಭಾಷೆಗಳಿಗೂ ಹರಿದವು. ಗ್ರೀಸಿನಲ್ಲಿ 1951ರಿಂದ ಹೊರಟ ಆವೃತ್ತಿಯಂತೂ ಅನುವಾದಗಳಿಗೆ ನಿಲ್ಲದೆ ತನ್ನ ನಾಡಿನ ಪುರಾಣ, ಇತಿಹಾಸಗಳನ್ನೇ ಚಿತ್ರಕಥೆಯಾಗಿಸಿತು.

ಇದೇ ಬಗೆಯ ಬೆಳವಣಿಗೆ ಭಾರತದಲ್ಲಿ ಕನ್ನಡದ ಮೂಲಕ ನಡೆಯಿತೆಂಬುದು ಗಮನಾರ್ಹ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಹೇಳಿಕೆಯಂತೆ, ದೇಶಭಾಷೆಯಲ್ಲಿ ಚಿತ್ರಕಥೆಗಳನ್ನು ತರುವ ಸಲಹೆಯನ್ನು 1965ರಲ್ಲಿ ಮುಂಬಯಿಯ ಒಡೆಯರ ಮುಂದಿಟ್ಟವರು ಅವರೇ. ಜೂನಿಯರ್ ಮಾಲೆಯ ಹತ್ತು ಕಥೆಗಳು ಕನ್ನಡದಲ್ಲಿ ಪ್ರಕಟವಾದವು. ಹಿಮವನ್ನೆಂದೂ ಕಾಣದ ಬಯಲುಸೀಮೆಯ ಮಕ್ಕಳು ಸ್ನೋವೈಟಳ ಕಥೆಯನ್ನು ತಮ್ಮ ನುಡಿಯಲ್ಲಿ ಓದುವಂತಾಯಿತು. ಇಂಗ್ಲಿಷ್ ಮಾಲೆ 11ರಿಂದ ತೊಡಗಿದುದು ಈ ಕಾರಣದಿಂದಲೇ ಎಂದು ಅವರು ತಿಳಿಸಿದರು. ಕಾರ್ಲೈನ್ ಮೆಕ್‌ಲೇನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಸಾಕ್ಷ್ಯವು ದಾಖಲಾಗಿದೆ.

ಪ್ರಚಲಿತವಾದ ವೃತ್ತಾಂತವೇ ಬೇರೆ. 1967ರಲ್ಲಿ ದಿಲ್ಲಿಯ ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣವನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಅನಂತ ಪೈ ಅವರು ಮಾಲೆಯನ್ನು ಕಲ್ಪಿಸಿದರೆಂಬುದು ಅದರ ಸಾರ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಪೈ ಅವರ ಸಂಪಾದನೆಯಿಲ್ಲದೆ ಮಾಲೆಯು ಪೌರಾಣಿಕ ರೂಪದಲ್ಲಿ ಬೆಳೆಯುತ್ತಿರಲಿಲ್ಲ. ರಾಮ್ ವಾಯೀರ್‌ಕರ್ ಚಿತ್ರಿಸಿದ ‘ಕೃಷ್ಣ’ನಿಂದ ಆ ಪಥವು ತೆರೆಯಿತು. ಆದರೆ ಈ ವೃತ್ತಾಂತವನ್ನು ಹೇಳುವಾಗ ಬೆಂಗಳೂರಿನ ಹತ್ತು ಪುಸ್ತಿಕೆಗಳು ಸಾಮಾನ್ಯವಾಗಿ ಮಾತಿನಿಂದ ಜಾರಿಹೋಗುತ್ತವೆ. ಹಳೆಯ ಸಂಚಿಕೆಗಳನ್ನು ಪುಸ್ತಕದಂತೆ ಪುನರ್ಮುದ್ರಿಸುವ ಕ್ರಮ ಮಾತ್ರ ಗಿಲ್ಬರ್ಟನ್ನಿನಂತೆ ಇಲ್ಲಿಯೂ ಊರ್ಜಿತವಾಯಿತು.

ಗಿಲ್ಬರ್ಟನ್ನಿಗೋ ಆ ವೇಳೆಗೆ ಇಳಿಗಾಲ. ಅಂಚೆಯ ರಿಯಾಯಿತಿ ದರ ಕೈತಪ್ಪಿತು. ದೂರದರ್ಶನವೂ ಅಗ್ಗದ ಪುಸ್ತಕಗಳೂ ಓದುಗರನ್ನು ಸೆಳೆದವು. 1962ರ ಬಳಿಕ ಹೊಸ ಕಥೆಗಳು ಬಹುಮಟ್ಟಿಗೆ ನಿಂತವು. 1967ರಲ್ಲಿ ಸಂಸ್ಥೆಯು ಪರರ ವಶವಾಯಿತು. 1971ರಲ್ಲಿ ಪ್ರಕಟಣೆಯೇ ನಿಂತಿತು. ಕ್ಯಾಂಟರ್ 1973ರಲ್ಲಿ ತೀರಿಕೊಂಡನು.