ಶ್ರೇಷ್ಠ ಹಾಡು ಯಾವುದು? ಎಣಿಸಿದವರು ಯಾರು?



ಹಾಸ್ಟೆಲಿನ ಕೋಣೆಯಲ್ಲೋ ಬಸ್ಸಿನ ಹಿಂದಿನ ಸೀಟಿನಲ್ಲೋ ಕುಳಿತು, ಎಲ್ಲ ಕಾಲಕ್ಕೂ ಶ್ರೇಷ್ಠವಾದ ಹಾಡು ಯಾವುದೆಂದು ನೀವು ವಾದ ಮಾಡಿರುತ್ತೀರಿ. ಆ ವಾದ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಪತ್ರಿಕೆಯೋ ರೇಡಿಯೋವೋ 'ಅಗ್ರಶ್ರೇಣಿಯ ಹತ್ತು ಹಾಡುಗಳು' ಎಂಬ ಪಟ್ಟಿಯನ್ನು ಹೊರಡಿಸಿದ ಕೂಡಲೇ ನಾವು ಅದನ್ನು ಅಂತಿಮ ತೀರ್ಪೆಂದು ನಂಬಿಬಿಡುತ್ತೇವೆ. ಇತಿಹಾಸವನ್ನು ಓದುವವರು ಇಂಥ ಪಟ್ಟಿಯನ್ನು ಒಂದು ಶಾಸನದಂತೆ ಓದಬೇಕು. ಇದನ್ನು ಬರೆಸಿದವರು ಯಾರು? ಯಾವ ಕಾಲದಲ್ಲಿ? ಇದರಲ್ಲಿ ಯಾರ ಮಾತು ಸೇರಿದೆ, ಯಾರ ಮಾತು ಬಿಟ್ಟುಹೋಗಿದೆ?

ನಮ್ಮ ದೇಶದಲ್ಲಿ ಮನೆಮಾತಾದ ಪಟ್ಟಿಯಿಂದಲೇ ಆರಂಭಿಸೋಣ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತವನ್ನು ಬೆಳೆಸಬೇಕೆಂಬುದು ಅವರ ಹಂಬಲ. ಅವರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಕೇಳುಗರೇನೂ ಸುಮ್ಮನೆ ಕೂರಲಿಲ್ಲ. ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರೇಡಿಯೋ ಸಿಲೋನ್ 'ಬಿನಾಕಾ ಗೀತ್‌ಮಾಲಾ'ವನ್ನು ಪ್ರಾರಂಭಿಸಿತು. ಅಮೀನ್ ಸಯಾನಿಯವರ ಧ್ವನಿ, ಬುಧವಾರದ ರಾತ್ರಿ. ಮೊದಮೊದಲು ಏಳು ಹಾಡುಗಳನ್ನು ಕೇಳಿಸಿ, ಅವನ್ನು ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಬರೆಯಿರಿ ಎಂದು ಕೇಳುಗರಿಗೇ ಸ್ಪರ್ಧೆ ಒಡ್ಡುತ್ತಿದ್ದರು. ಪತ್ರಗಳು ರಾಶಿರಾಶಿಯಾಗಿ ಬಂದವು. ಆಕಾಶವಾಣಿಯು 1957ರ ಅಕ್ಟೋಬರ್ 3ರಂದು 'ವಿವಿಧ ಭಾರತಿ'ಯನ್ನು ಆರಂಭಿಸಿದ್ದಕ್ಕೆ ಸಿಲೋನಿನತ್ತ ಹೊರಳಿದ ಈ ಕಿವಿಗಳೂ ಒಂದು ಕಾರಣ.

ಮುಂದೆ ಗೀತ್‌ಮಾಲಾ ತಾನೇ ಸ್ಥಾನಗಳನ್ನು ಕೊಡತೊಡಗಿತು. ಅದಕ್ಕೆ ಗ್ರಾಮಾಫೋನ್ ರೆಕಾರ್ಡುಗಳ ಮಾರಾಟವೇ ಆಧಾರ. ಅಂಗಡಿಯಲ್ಲಿ ರೆಕಾರ್ಡು ಮುಗಿದುಹೋದರೆ ಜನಪ್ರಿಯ ಹಾಡೂ ಕೆಳಗಿಳಿಯುವ ಅಪಾಯವಿತ್ತು. ಆದ್ದರಿಂದ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯವನ್ನೂ ಸೇರಿಸಿಕೊಂಡರು. ರೆಕಾರ್ಡು ಕೊಳ್ಳಲಾಗದವನ ಇಷ್ಟಕ್ಕೂ ಲೆಕ್ಕದಲ್ಲಿ ಸ್ಥಾನ ಸಿಕ್ಕಿದ್ದು ಸಣ್ಣ ಮಾತಲ್ಲ.

ಹಾಗಾದರೆ ಆ ಪಟ್ಟಿ ಶ್ರೇಷ್ಠತೆಯನ್ನು ಅಳೆಯಿತೇ? 1957ನ್ನೇ ನೋಡಿ. 'ಪ್ಯಾಸಾ', 'ಮದರ್ ಇಂಡಿಯಾ', 'ನಯಾ ದೌರ್' ತೆರೆಕಂಡ ವರ್ಷ ಅದು. ಗೀತ್‌ಮಾಲಾದ ವಾರ್ಷಿಕ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು 'ಜನಮ್ ಜನಮ್ ಕೆ ಫೇರೆ' ಚಿತ್ರದ ಗೀತೆ. ಈ ಚಿತ್ರದ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಆ ಹಾಡು ಕೀಳೆಂದು ನಾನು ಹೇಳುತ್ತಿಲ್ಲ. ಪಟ್ಟಿ ಅಳೆದದ್ದು ಒಂದು ವರ್ಷದ ಒಲವನ್ನು. ಒಲವು ಬೇರೆ, ಬಾಳಿಕೆ ಬೇರೆ.

ಮತದಾನವೇ ಸರಿಯಾದ ದಾರಿ ಎನ್ನುತ್ತೀರಾ? 2002ರಲ್ಲಿ ಬಿಬಿಸಿ ವಿಶ್ವ ಸೇವೆಯು ತನ್ನ 70ನೆಯ ವರ್ಷದ ಅಂಗವಾಗಿ ಜಗತ್ತಿನ ಮೆಚ್ಚಿನ ಹಾಡನ್ನು ಆರಿಸಲು ಕೇಳುಗರನ್ನು ಕರೆಯಿತು. ಮೊದಲ ಸ್ಥಾನ ಐರ್ಲೆಂಡಿನ ದೇಶಭಕ್ತಿಗೀತೆಗೆ, ಎರಡನೆಯದು 1952ರ 'ಆನಂದಮಠ' ಚಿತ್ರದ 'ವಂದೇ ಮಾತರಂ'ಗೆ, ಮೂರನೆಯದು 'ದಿಲ್ ದಿಲ್ ಪಾಕಿಸ್ತಾನ್'ಗೆ. ಮೂರೂ ನಾಡಿನ ಹಾಡುಗಳೇ! ಐರಿಷ್ ಅಭಿಮಾನಿಗಳು ಇ-ಮೇಲ್ ಕಳಿಸಿ ಮತ ಕೂಡಿಸಿದ್ದರು. ಇಲ್ಲಿ ಜನರು ಹಾಡಿನ ನೆಪದಲ್ಲಿ ತಮ್ಮ ದೇಶಕ್ಕೆ ಮತ ಹಾಕಿದರು.

ಇನ್ನು ತಜ್ಞರ ಮಾತು. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 2004ರಲ್ಲಿ 500 ಶ್ರೇಷ್ಠ ಹಾಡುಗಳನ್ನು ಪಟ್ಟಿ ಮಾಡಿತು. ಮೊದಲನೆಯದು ಬಾಬ್ ಡಿಲನ್ ಅವರ 'ಲೈಕ್ ಎ ರೋಲಿಂಗ್ ಸ್ಟೋನ್'. ಅರೀಥಾ ಫ್ರಾಂಕ್ಲಿನ್ ಎಂಬ ಕಪ್ಪು ಗಾಯಕಿ 1967ರಲ್ಲಿ ಹಾಡಿದ 'ರೆಸ್ಪೆಕ್ಟ್' ಐದನೆಯದು. 2021ರಲ್ಲಿ ಹೊಸದಾಗಿ ಅಭಿಪ್ರಾಯ ಕೇಳಿದಾಗ 'ರೆಸ್ಪೆಕ್ಟ್' ಮೊದಲಿಗೆ ಬಂತು, ಡಿಲನ್ ನಾಲ್ಕಕ್ಕೆ ಇಳಿದರು. ಈ 17 ವರ್ಷಗಳಲ್ಲಿ ಆ ಹಾಡುಗಳ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದದ್ದು ತೀರ್ಪುಗಾರರ ಬಳಗ ಮತ್ತು ಅವರ ಕಾಲ.

ಈಗ ನಮ್ಮ ಮನೆಯ ಕಡೆ ನೋಡೋಣ. ಗೀತ್‌ಮಾಲಾ ಹಿಂದಿ ಚಿತ್ರಗೀತೆಗಳಿಗೆ ಮೀಸಲು, ಆದ್ದರಿಂದ ಕನ್ನಡದ ಹಾಡಿಗೆ ಅಲ್ಲಿ ಜಾಗವಿರಲಿಲ್ಲ. ಚಿತ್ರಗೀತೆಯ ಮಾತು ಹಾಗಿರಲಿ, 'ಗೋವಿನ ಹಾಡ'ನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಕಟ್ಟಿದವರ ಹೆಸರು ಗೊತ್ತಿಲ್ಲ. ರೆಕಾರ್ಡು ಬರುವುದಕ್ಕೆ ಬಹಳ ಮುಂಚೆಯೇ ಅದು ಬಾಯಿಂದ ಬಾಯಿಗೆ ಹರಿದು ಬಂದಿತ್ತು. ಪುಣ್ಯಕೋಟಿಯ ಕಥೆಗೆ ಕಣ್ಣು ತುಂಬಿಕೊಳ್ಳದ ಕನ್ನಡದ ಮಕ್ಕಳು ವಿರಳ. ಬೀಸುವ ಪದ, ಸೋಬಾನೆ ಪದಗಳ ಗತಿಯೂ ಇದೇ. ಅಂಗಡಿಯಲ್ಲಿ ಮಾರಾಟವಾಗದ ಹಾಡನ್ನು ಯಾರೂ ಎಣಿಸಲಿಲ್ಲ. ಎಣಿಸದೆ ಬಿಟ್ಟದ್ದು ಬರವಣಿಗೆಗೆ ಬರುವುದಿಲ್ಲ, ಹಾಡುವ ಬಾಯಿ ನಿಂತ ದಿನ ಅದೂ ಹೋಗುತ್ತದೆ.

ನನ್ನ ಸ್ವಂತ ಅಭಿಪ್ರಾಯವನ್ನು ಕೇಳಿದರೆ, ಮೊದಲ ಸ್ಥಾನವನ್ನು ನಾನು 'ಗೋವಿನ ಹಾಡಿ'ಗೇ ಕೊಡುತ್ತೇನೆ. ಜಾಹೀರಾತಿಲ್ಲದೆ, ಗಾಯಕರ ಹೆಸರಿನ ಬಲವಿಲ್ಲದೆ ತಲೆಮಾರುಗಳನ್ನು ದಾಟಿದ ಹಾಡು ಅದು. ನೀವು ಒಪ್ಪಬೇಕಾಗಿಲ್ಲ. ಬೇರೆ ಹಾಡನ್ನು ಹೇಳಿ, ಆದರೆ ಯಾವ ಅಳತೆಗೋಲಿನಿಂದ ಅಳೆದಿರಿ ಎಂಬುದನ್ನೂ ಜೊತೆಗೆ ಹೇಳಿ.

ಕೊನೆಯದಾಗಿ ಒಂದು ಕೆಲಸ. ಈ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಬಳಿ ಕುಳಿತು, ಅವರಿಗೆ ಬರುವ ಹಾಡುಗಳನ್ನು ಕೇಳಿ ಬರೆದುಕೊಳ್ಳಿ. ಯಾರಿಂದ ಕಲಿತರು, ಯಾವ ಕೆಲಸ ಮಾಡುತ್ತ ಹಾಡುತ್ತಿದ್ದರು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಯಾವುದು ಮೊದಲು, ಯಾವುದು ಎರಡನೆಯದು ಎಂಬ ವಾದವನ್ನು ಆಮೇಲೆ ನಿಧಾನವಾಗಿ ಮಾಡೋಣ.