ಕಪ್ಪು ಮಡಕೆಯ ಪರಂಪರೆ ಎಷ್ಟು ಹಳೆಯದು?

ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಸ್ಯಾನ್ ಇಲ್ಡೆಫೋನ್ಸೊ ಎಂಬ ಪ್ಯೂಬ್ಲೊ ಜನರ ಹಳ್ಳಿ ಕಪ್ಪು ಮಡಕೆಗಳಿಗೆ ಹೆಸರುವಾಸಿ. ನೋಡಿದವರಿಗೆ ಅವು ಸಾವಿರ ವರ್ಷದ ಹಿಂದಿನವು ಅನ್ನಿಸುತ್ತವೆ. ಆದರೆ ಮಿರುಗುವ ಕಪ್ಪಿನ ಮೇಲೆ ಮಂಕು ಕಪ್ಪಿನಲ್ಲೇ ಚಿತ್ತಾರ ಮೂಡಿಸುವ ಆ ಶೈಲಿ ರೂಪುಗೊಂಡದ್ದು 1919ರ ಸುಮಾರಿಗೆ, ಮರಿಯಾ ಮತ್ತು ಜೂಲಿಯನ್ ಮಾರ್ಟಿನೆಜ್ ದಂಪತಿಯ ಕೈಯಲ್ಲಿ. ಹಾಗಿದ್ದೂ ಅದನ್ನು ಪರಂಪರೆಯ ಕಸುಬೆಂದೇ ಕರೆಯಬೇಕು. ಏಕೆಂದರೆ ಇಲ್ಲಿ ಹಳೆಯದು ಉಳಿದಿರುವುದು ಮಾಡುವ ಕ್ರಮದಲ್ಲಿ.

ಆ ಕ್ರಮದಲ್ಲಿ ತಿಗರಿಗೆ ಜಾಗವೇ ಇಲ್ಲ. ಜೇಡಿಮಣ್ಣಿಗೆ ಜ್ವಾಲಾಮುಖಿಯ ಬೂದಿ ಬೆರೆಸಿ ನಾದಿ, ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಸೋರೆಬುರುಡೆಯ ಚೂರಿನಿಂದ ಒಳಹೊರಗೆ ಸವರುತ್ತಾರೆ. ಒಣಗಿದ ಮೇಲೆ ಕೆಮ್ಮಣ್ಣಿನ ತಿಳಿ ಬಳಿದು, ಅದು ಪೂರ್ತಿ ಆರುವ ಮೊದಲೇ ನುಣುಪುಗಲ್ಲಿನಿಂದ ಉಜ್ಜಬೇಕು. ನಡುವೆ ಕೈ ನಿಲ್ಲಿಸುವಂತಿಲ್ಲ. ಗಾಜಿನ ಲೇಪವಿಲ್ಲದ ಈ ಮಡಕೆಯ ಹೊಳಪೆಲ್ಲ ಉಜ್ಜಿದ್ದರಿಂದಲೇ ಬಂದದ್ದು. ಅದರ ಮೇಲೆ ಜೂಲಿಯನ್ ಮಣ್ಣಿನ ತಿಳಿಯಲ್ಲಿ ಅವಾನ್ಯು ಎಂಬ ಕೊಂಬುಳ್ಳ ಜಲಸರ್ಪವನ್ನು ಬರೆಯುತ್ತಿದ್ದ. ಕಲ್ಲು ತಾಗದ ಆ ಗೆರೆ ಮಂಕಾಗಿಯೇ ಉಳಿಯುತ್ತಿತ್ತು. ಕಪ್ಪಂತೂ ಬಳಿದ ಬಣ್ಣವೇ ಅಲ್ಲ. ಉರಿ ಏರಿದಾಗ ಪುಡಿ ಲದ್ದಿ ಸುರಿದು ಗಾಳಿ ಕಟ್ಟಿಬಿಟ್ಟರೆ ಮಣ್ಣಿನ ಕಬ್ಬಿಣಾಂಶ ಕಪ್ಪಾಗುತ್ತದೆ, ಹೊಗೆಯ ಇಂಗಾಲವೂ ಮೈಗೆ ಹಿಡಿಯುತ್ತದೆ. ಗಾಳಿಯಾಡಲು ಬಿಟ್ಟಿದ್ದರೆ ಅದೇ ಮಡಕೆ ಕೆಂಪಗೆ ಹೊರಬರುತ್ತಿತ್ತು. ನೆರೆಯ ಸಾಂಟಾ ಕ್ಲಾರಾದವರಿಗೂ ಹೀಗೆ ಕಪ್ಪು ಮಡಕೆ ಸುಡುವುದು ಮೊದಲೇ ಗೊತ್ತಿತ್ತು. ಮಾರ್ಟಿನೆಜ್ ದಂಪತಿ ಸೇರಿಸಿದ್ದು ಆ ಮಂಕು ಚಿತ್ತಾರವನ್ನು.

ಇದೆಲ್ಲ ಪೇಟೆಗಾಗಿ ಹುಟ್ಟಿದ್ದಲ್ಲವೇ ಎಂಬ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. 1880ರಲ್ಲಿ ಅಲ್ಲಿಗೆ ರೈಲು ಬಂತು. ಜೊತೆಗೆ ತಗಡಿನ ಪಾತ್ರೆಗಳೂ ಪ್ರವಾಸಿಗರೂ ಬಂದರು. ಪುರಾತತ್ವಜ್ಞ ಎಡ್ಗರ್ ಹೆವೆಟ್, ಉತ್ಖನನದಲ್ಲಿ ಸಿಕ್ಕ ಚೂರುಗಳ ಮಾದರಿಯಲ್ಲಿ ಮಡಕೆ ಮಾಡಲು ಮರಿಯಾಳನ್ನು ಹುರಿದುಂಬಿಸಿದ. ಆದರೆ ಹೊರಗಿನ ಪ್ರಭಾವ ತಾಗದ ಕಾಲವೊಂದನ್ನು ಹುಡುಕಹೊರಟರೆ ಇಂಧನವೇ ಅಡ್ಡಬರುತ್ತದೆ. ಅರಿಜೋನಾದ ಹೋಪಿ ಎಂಬ ಪ್ಯೂಬ್ಲೊ ಜನರ ಹಳ್ಳಿಗಳಲ್ಲಿ ಹಿಂದೆ ಮಡಕೆ ಸುಡುತ್ತಿದ್ದದ್ದು ಕಲ್ಲಿದ್ದಲಿನಲ್ಲಿ. ಇಂದು 'ಸಾಂಪ್ರದಾಯಿಕ' ಎನಿಸಿಕೊಂಡ ಕುರಿಹಿಕ್ಕೆ ಸ್ಪೇನಿನವರು ತಂದ ಕುರಿಗಳದ್ದು! ಆ ಹಿಕ್ಕೆಯನ್ನು ಒಪ್ಪಿಕೊಂಡ ಮೇಲೆ ಪೇಟೆಯೊಂದನ್ನೇ ಕಳಂಕವೆನ್ನುವುದು ಸರಿಯಲ್ಲ.

ನಿಜವಾಗಿ ಹೊಸದು ಸಹಿ. 1920ರ ದಶಕದಲ್ಲಿ ಮರಿಯಾ ಮಡಕೆಯ ತಳದಲ್ಲಿ ಹೆಸರು ಬರೆಯತೊಡಗಿದಳು. ಕೊಳ್ಳುವವರಿಗೆ ಒಬ್ಬ ಕಲಾವಿದೆ ಬೇಕಿತ್ತು. ಅವಳೋ, ಕೇಳಿದ ಬೇರೆಯವರ ಮಡಕೆಗೂ ಸಹಿ ಹಾಕಿಕೊಟ್ಟಳು. ಸಂಗ್ರಾಹಕರಿಗೆ ಇದು ತಲೆನೋವು. ನನಗೆ ಮಾತ್ರ ಇದು ಮೋಸವಾಗಿ ಕಾಣುವುದಿಲ್ಲ, ಹೆಸರನ್ನೂ ಊರಿನವರೊಡನೆ ಹಂಚಿಕೊಂಡಂತೆ ಕಾಣುತ್ತದೆ. 1943ರಲ್ಲಿ ಜೂಲಿಯನ್ ತೀರಿಕೊಂಡ ಮೇಲೆ ಸೊಸೆ ಸಂತಾನಾ, ಆಮೇಲೆ ಮಗ ಪೊಪೊವಿ ದಾ ಚಿತ್ತಾರ ಬರೆದರು. ಸಹಿಯಲ್ಲಿ ಅವರ ಹೆಸರೂ ಸೇರಿಕೊಂಡಿತು.