ಕಳೆದುಹೋಗಿದ್ದ ಹರ್ಮಿಸ್

ಒಂದು ವಸ್ತುವಿಗೆ ಹೆಸರಿಟ್ಟರೆ ಅದು ಕೈಗೆ ಸಿಕ್ಕಿತೆಂದೇ ತಿಳಿಯುವುದು ಭಾಷೆಯ ಮೇಷ್ಟರುಗಳಾದ ನಮಗೆ ಹತ್ತಿದ ಹಳೆಯ ರೋಗ. ಖಗೋಳಜ್ಞರಿಗೂ ಒಮ್ಮೆ ಅದು ತಗಲಿತ್ತೆಂಬುದು ಹರ್ಮಿಸ್ ಎಂಬ ಕ್ಷುದ್ರಗ್ರಹದ ಕಥೆ ಓದಿದಾಗ ನನಗೆ ತಿಳಿಯಿತು.

೧೯೩೭ರ ಅಕ್ಟೋಬರ್ ೨೮. ಜರ್ಮನಿಯ ಹೈಡೆಲ್‌ಬರ್ಗಿನ ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಕಾರ್ಲ್ ರೈನ್‌ಮೂತ್ ಅವರು ತೆಗೆದ ಛಾಯಾಚಿತ್ರದ ಗಾಜಿನ ಫಲಕದಲ್ಲಿ ಒಂದು ಗೆರೆ ಮೂಡಿತ್ತು. ಈ ಗೆರೆಯ ಮರ್ಮವನ್ನು ಸ್ವಲ್ಪ ವಿವರಿಸಬೇಕು. ನಕ್ಷತ್ರಗಳ ಗತಿಯನ್ನು ಅನುಸರಿಸಿ ದೂರದರ್ಶಕವನ್ನು ಮೆಲ್ಲಗೆ ತಿರುಗಿಸುತ್ತ ಬಹಳ ಹೊತ್ತು ಫಲಕದ ಮೇಲೆ ಬೆಳಕು ಬೀಳಬಿಟ್ಟರೆ ನಕ್ಷತ್ರಗಳು ಚುಕ್ಕಿಗಳಾಗಿ ನಿಲ್ಲುತ್ತವೆ. ಅವುಗಳ ನಡುವೆ ಚಲಿಸುವ ಕಾಯ ಮಾತ್ರ ಗೆರೆ ಎಳೆಯುತ್ತದೆ. ತೀರ ಸಮೀಪದಲ್ಲಿ ಹಾಯುವ ಕಾಯದ ಗೆರೆ ಬಲು ಉದ್ದ. ೧೮೯೧ರಲ್ಲಿ ಈ ಉಪಾಯವನ್ನು ಬಳಕೆಗೆ ತಂದವರು ಅದೇ ಊರಿನ ಮ್ಯಾಕ್ಸ್ ವೋಲ್ಫ್ ಅವರು.

ಎರಡೇ ದಿನದಲ್ಲಿ ಆ ಕಾಯ ಭೂಮಿಯಿಂದ ಸುಮಾರು ೭.೪ ಲಕ್ಷ ಕಿಲೋಮೀಟರು ದೂರದಲ್ಲಿ, ಎಂದರೆ ಚಂದ್ರನ ದೂರದ ಎರಡರಷ್ಟರಲ್ಲಿ, ಹಾದುಹೋಯಿತು. ಅಷ್ಟು ಸಮೀಪ ಬಂದ ಕ್ಷುದ್ರಗ್ರಹವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಗ್ರೀಕರ ದೇವದೂತನ ಹೆಸರು ಅದಕ್ಕೆ ಬಂತು. ನಮ್ಮ ನಾರದರಂತೆ ಲೋಕಲೋಕ ಸುತ್ತುವ ಈ ದೇವತೆ ಕಳ್ಳರ ಆರಾಧ್ಯದೈವವೂ ಹೌದು. ಮಗು ಹೆಸರಿಗೆ ತಕ್ಕಂತೆಯೇ ನಡೆದುಕೊಂಡಿತು!

ಕೈಯಲ್ಲಿದ್ದುದು ನಾಲ್ಕೈದು ದಿನಗಳ ಚಿತ್ರಗಳು ಮಾತ್ರ. ಎರಡು ವರ್ಷಕ್ಕೂ ಮಿಕ್ಕಿದ ಸೂರ್ಯಪ್ರದಕ್ಷಿಣೆಯ ದಾರಿಯನ್ನು ಅಷ್ಟರಿಂದ ನಿಶ್ಚಯಿಸುವುದೆಂದರೆ ಒಂದು ಪದ್ಯ ಓದಿ ಕಾವ್ಯದ ಕಥೆಯನ್ನೆಲ್ಲ ಹೇಳಹೊರಟಂತೆ. ಹರ್ಮಿಸ್ ಕಳೆದುಹೋಯಿತು. ೧೯೪೨ರ ಏಪ್ರಿಲಿನಲ್ಲಿ, ಜಗತ್ತು ಯುದ್ಧದಲ್ಲಿ ಮುಳುಗಿದ್ದಾಗ, ಅದು ಇನ್ನೂ ಹತ್ತಿರ, ಸುಮಾರು ೬.೩ ಲಕ್ಷ ಕಿಲೋಮೀಟರು ದೂರದಲ್ಲಿ ಸುಳಿದುಹೋಯಿತು. ಒಬ್ಬರೂ ಕಾಣಲಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಅದು ಮತ್ತೆ ಸಿಕ್ಕಿದ್ದು ೨೦೦೩ರ ಅಕ್ಟೋಬರ್ ೧೫ರಂದು, ಅಮೆರಿಕದ ಅರಿಜೋನಾದ ಲೋವೆಲ್ ವೀಕ್ಷಣಾಲಯದ ಬ್ರಯಾನ್ ಸ್ಕಿಫ್ ಅವರಿಗೆ. ಆ ವೇಳೆಗೆ ಗಾಜಿನ ಫಲಕ ಹೋಗಿ ಎಲೆಕ್ಟ್ರಾನಿಕ್ ಕ್ಯಾಮೆರಾ ಬಂದಿತ್ತು. ಆಕಾಶದ ಒಂದೇ ಭಾಗವನ್ನು ಮತ್ತೆ ಮತ್ತೆ ಚಿತ್ರಿಸಿದರೆ, ಜಾಗ ಬದಲಿಸಿದ ಚುಕ್ಕಿಯನ್ನು ಗಣಕಯಂತ್ರವೇ ಹೆಕ್ಕಿಕೊಡುತ್ತಿತ್ತು. ಹೊಸ ಚಿತ್ರಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದಾಗ ೧೯೩೭ರ ಗೆರೆಯೊಡನೆ ಗಂಟು ಬಿತ್ತು. ೧೯೪೨ರ ಗುಟ್ಟೂ ಬಯಲಾಯಿತು. ಪಥ ಖಚಿತವಾದ್ದರಿಂದ ೬೯೨೩೦ ಎಂಬ ಕ್ರಮಸಂಖ್ಯೆ ದೊರೆಯಿತು. ಈಗಿನ ಪದ್ಧತಿಯಲ್ಲಿ ಸಂಖ್ಯೆ ಮೊದಲು, ನಾಮಕರಣ ಆಮೇಲೆ.

ಅದೇ ವರ್ಷ ಪೋರ್ಟೊರಿಕೊದ ಅರೆಸಿಬೊದಿಂದ ರೇಡಾರ್ ಅಲೆಗಳನ್ನು ಕಳಿಸಿ ಪ್ರತಿಧ್ವನಿ ಪಡೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಹರ್ಮಿಸ್ ಒಂದಲ್ಲ, ಹೆಚ್ಚುಕಡಿಮೆ ಸಮಗಾತ್ರದ ಎರಡು ಬಂಡೆಗಳು ಒಂದನ್ನೊಂದು ಸುತ್ತುತ್ತಿವೆ.